ಒಂಬತ್ತು ಗಂಟೆಯ ಗುಳಿಗೆ

ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸ್ಥಳ: ತಿರ್ಲಾಪುರದ ನಮ್ಮ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ನೀಲವ್ವ. ಮನೆಯ ಸುದ್ದಿಯನ್ನು ಹೀಗೂ ಶುರು ಮಾಡುತ್ತಾರೆಯೇ ಎಂದು ನಗಬೇಡಿ. ಮೂವತ್ತೈದು ವರ್ಷ ಶಾಲೆಯ ಗಂಟೆ ಕೇಳಿ ಬದುಕಿದ ಹೆಡ್‌ಮಾಸ್ತರನಿಗೆ ವೇಳೆ ಬರೆಯದಿದ್ದರೆ ಕೈ ಮುಂದೆ ಓಡುವುದಿಲ್ಲ. ನನ್ನ ದಿನಚರಿಯನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದ್ದೇನೆ. ಎಷ್ಟಕ್ಕೆ ಏಳುವುದು, ಎಷ್ಟಕ್ಕೆ ಚಹಾ, ಯಾವ ವಾರ ಯಾವ ಪಲ್ಯ, ಎಲ್ಲವೂ ಅದರಲ್ಲಿದೆ. ನೀಲವ್ವ ಅದನ್ನು ತನಗೆ ಅನುಕೂಲವಿದ್ದಾಗ ಪಾಲಿಸುತ್ತಾಳೆ.

ಇಂಥ ನಾನು ಹೋದ ವಾರ ತಂಬಿಗೆ ಹಿಡಿದು ಹಿತ್ತಲಿಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ನುಗ್ಗೆ ಗಿಡದ ಕೆಳಗೆ ನಿಂತುಬಿಟ್ಟೆ. ಒಮ್ಮೆಯಲ್ಲ, ಮೂರು ಸಲ. ಬೇರೆಯವರಾದರೆ ನಕ್ಕು ಸುಮ್ಮನಾಗುತ್ತಿದ್ದರು. ನನಗೆ ತೀರಿಹೋದ ನಮ್ಮಣ್ಣ ನೆನಪಾದ. ಅವನು ನನ್ನನ್ನು ಚಿಕ್ಕಂದಿನಿಂದ ‘ಲೇ’ ಎಂದೇ ಕರೆದವನು. ಕೊನೆಗಾಲದಲ್ಲಿ ಒಂದು ದಿನ ನನ್ನ ಮುಖ ನೋಡಿ, “ಬರ್ರಿ, ಕೂಡ್ರಿ. ಯಾವೂರ್ರಿ ನಿಮ್ಮದು?” ಎಂದ. ಅಷ್ಟು ಮರ್ಯಾದೆ ಸಿಕ್ಕ ದಿನ ನಾನು ಅತ್ತೆ. ಅವನನ್ನು ಹಿಡಿದ ಅಲ್ಝೈಮರ್ ಎಂಬ ಮರೆವಿನ ರೋಗ ನನ್ನನ್ನೂ ಹಿಡಿಯಿತೇ ಎಂಬುದು ಈಗಿನ ಹೆದರಿಕೆ.

ಅಂದಿನ ಪತ್ರಿಕೆಯಲ್ಲಿ ಅದೇ ರೋಗದ ಸುದ್ದಿ. ಬೇರೆ ಕಾಯಿಲೆಗಳಿಗೆಂದು ಈಗಾಗಲೇ ಬಳಕೆಯಲ್ಲಿರುವ ಔಷಧಗಳ ಸಹಾಯದಿಂದ ಅದನ್ನು ಬೇಗನೆ ಪತ್ತೆ ಹಚ್ಚಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರಂತೆ. ಈಗಾಗಲೇ ಇರುವ ಔಷಧವೆಂದರೆ ನನ್ನ ಡಬ್ಬಿಯಲ್ಲೂ ಇರಬೇಕಲ್ಲ! ನಮ್ಮ ಮನೆಯಲ್ಲಿ ಉಳಿದ ಗುಳಿಗೆಗಳು ಕಸಕ್ಕೆ ಹೋಗುವುದಿಲ್ಲ; ಹೆಸರು, ತಾರೀಖಿನ ಚೀಟಿ ಅಂಟಿಸಿಕೊಂಡು ಬಿಸ್ಕೀಟಿನ ಡಬ್ಬಿಯಲ್ಲಿ ಸಾಲಾಗಿ ಕೂಡುತ್ತವೆ. ಎಂಟೂ ಕಾಲಿನ ಬಸ್ಸಿಗೆ ಡಬ್ಬಿ ಹಿಡಿದು, ನೀಲವ್ವನನ್ನು ಕರೆದುಕೊಂಡು ನವಲಗುಂದದ ದವಾಖಾನೆಗೆ ಹೊರಟೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪತ್ರಿಕೆಯ ತುಣುಕನ್ನು ಪೂರ್ತಿ ಓದಿ, ಇದಿನ್ನೂ ಸಂಶೋಧನೆಯಲ್ಲಿದೆ, ತಮ್ಮ ಕಪಾಟಿನ ತನಕ ಬಂದಿಲ್ಲ ಎಂದರು. ಆಮೇಲೆ ತಮ್ಮ ರೀತಿಯಲ್ಲಿ ಪರೀಕ್ಷೆ ಶುರು ಮಾಡಿದರು. ಇವತ್ತು ಯಾವ ವಾರ ಎಂದು ಕೇಳಿದರು, ಗಡಿಯಾರದ ಚಿತ್ರ ಬರೆಸಿದರು, ಐದು ಶಬ್ದ ಹೇಳಿ ತುಸು ಹೊತ್ತು ಬಿಟ್ಟು ಮತ್ತೆ ಕೇಳಿದರು. ಒಂದೂ ತಪ್ಪಲಿಲ್ಲ. ನಾನು ನೀಲವ್ವನ ಕಡೆ ನೋಡಿದೆ, ಮೊದಲ ನಂಬರು ಬಂದ ಹುಡುಗನ ಹಾಗೆ. ಕೊನೆಗೆ ನಿನ್ನೆ ರಾತ್ರಿ ಏನು ಉಂಡಿರೆಂದು ಕೇಳಿದರು.

“ರವಿವಾರ. ರೊಟ್ಟಿ, ಹೆಸರುಕಾಳಿನ ಪಲ್ಯ,” ಎಂದೆ.

“ನಿನ್ನೆ ನನ್ನ ತಂಗಿ ಬಂದಿದ್ಲರಿ,” ಎಂದಳು ನೀಲವ್ವ. “ಹೋಳಿಗಿ ಮಾಡಿದ್ದೆ. ನಾಕು ತಿಂದಾರ. ಈಗ ಹೇಳಿದ್ದು ಗ್ವಾಡಿ ಮ್ಯಾಲಿನ ಟೈಮ್‌ಟೇಬಲ್.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಜ್ಜಾರ, ನಿಮ್ಮ ಟೈಮ್‌ಟೇಬಲ್ ಪಾಸಾತ್ರಿ. ನೀವಿನ್ನೂ ಪರೀಕ್ಷಾಕ್ಕ ಕುಂತಿಲ್ಲ.”

ನಾನು ಡಬ್ಬಿಯನ್ನು ಅವರ ಮುಂದೆ ತಳ್ಳಿದೆ. ಅವರು ಡಬ್ಬಿ ತೆರೆದರು, ಚೀಟಿಗಳ ಅಕ್ಷರ ಮೆಚ್ಚಿದರು, ಅರ್ಧ ಖಾಲಿಯಾದ ಗುಳಿಗೆಯ ಹೊಸ ಹಾಳೆಯೊಂದನ್ನು ಎತ್ತಿ ಹಿಡಿದು ಇದು ಯಾತಕ್ಕೆ ಎಂದರು. ನೆಗಡಿಗೆ, ರಾತ್ರಿ ಒಂಬತ್ತಕ್ಕೆ ಒಂದು ಎಂದೆ. ನೆಗಡಿ ಯಾವಾಗ ಹೋಯಿತು ಎಂದರು. ಸಂಕ್ರಾಂತಿಗೆ ಮೊದಲೇ ಎಂದೆ. ಆಗ ಯುಗಾದಿ ಮುಗಿದು ತಿಂಗಳಾಗಿತ್ತು.

“ಮತ್ತ ಗುಳಿಗಿ ಯಾಕ ಬಿಟ್ಟಿಲ್ರಿ?”

“ಟೈಮ್‌ಟೇಬಲ್‌ನ್ಯಾಗ ಐತ್ರಿ,” ಎಂದೆ.

ಈ ಜಾತಿಯ ಗುಳಿಗೆಯನ್ನು ವಯಸ್ಸಾದವರು ದಿನಾ ನುಂಗಿದರೆ ತಲೆಗೆ ಮಂಕು ಕವಿದು ನೆನಪು ಕೈಕೊಡಬಹುದಂತೆ. ಇದೊಂದೇ ಕಾರಣವೆಂದು ಇವತ್ತೇ ಹೇಳಲಾಗದು. ನಿಲ್ಲಿಸಿ, ತಿಂಗಳು ಬಿಟ್ಟು ಬನ್ನಿ, ಮತ್ತೆ ನೋಡೋಣ ಎಂದು ಕಳಿಸಿದರು. ಬಸ್ಸಿನಲ್ಲಿ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ವಿಜ್ಞಾನಿಗಳು ಇನ್ನೂ ಹುಡುಕಾಕತ್ತಾರ. ನಿಮ್ಮ ಡಬ್ಬಿ ಒಂದ ದಿನದಾಗ ನಿಮ್ಮನ್ನ ಹಿಡದಬಿಡ್ತು.” ಅವಳೂ ಹೆದರಿದ್ದಳೆಂದು ನನಗೆ ಆಗ ಗೊತ್ತಾಯಿತು. ಮರೆವು ಬಂತೆಂದು ನಾನು ನವಲಗುಂದದ ತನಕ ಹೋಗಿಬಂದೆ. ಹೋದ ನೆಗಡಿಯನ್ನು ಮಾತ್ರ ಮರೆಯಲಾರದೆ ಕೂತಿದ್ದೆ.

ಸಂಜೆ ಆರೂವರೆ. ರಟ್ಟು ಇಳಿಸಿ, ಒಂಬತ್ತು ಗಂಟೆಯ ಗುಳಿಗೆಯ ಮೇಲೆ ಕೆಂಪು ಗೀಟು ಎಳೆದೆ. ಹಾಗೇ ಖಾಲಿ ಬಿಡಲು ಮನಸ್ಸು ಒಪ್ಪಲಿಲ್ಲ. ‘ಗುಳಿಗೆ ತೆಗೆದುಕೊಳ್ಳದಿರುವುದು’ ಎಂದು ಪಕ್ಕಕ್ಕೆ ದುಂಡಗೆ ಬರೆದು, ಸುಮ್ಮನೆ ಒಂಬತ್ತರ ತನಕ ಯಾಕೆ ಕಾಯುವುದೆಂದು ಆಗಲೇ ಸರಿ ಗುರುತನ್ನೂ ಹಾಕಿ ಮುಗಿಸಿದೆ.