ಲೈಟರಿನ ಜ್ಯೋತಿ

ಒಲಿಂಪಿಕ್ಸ್ ಇತಿಹಾಸ ನನ್ನಷ್ಟು ಬಲ್ಲವರು ಇಡೀ ನಾರಾಯಣಗೂಡದಲ್ಲಿ ಇಲ್ಲ! 2003ರಲ್ಲಿ ಹೈದರಾಬಾದಿಗೆ ಆಫ್ರೋ-ಏಷ್ಯನ್ ಕ್ರೀಡಾಕೂಟ ಬರಲಿದ್ದಾಗ, ಅದಕ್ಕೂ ಮೂರು ವಾರ ಮೊದಲೇ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೊಂದು ಕೂಟ ನಡೆಸಿಯೇ ತೀರುವೆನೆಂದು ಪಣ ತೊಟ್ಟೆ. ಹಗಲೆಲ್ಲ ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕಲಿಸುವವನಿಗೆ ಇದ್ಯಾವ ಮಹಾ!

"ಜ್ಯೋತಿ ಇಲ್ಲದ ಕೂಟ ಕೂಟ ಅಲ್ಲ. ನಿನ್ನ ನಂದಾದೀಪದಿಂದ ಪಂಜು ಹಚ್ಚಿಕೋತೀನಿ," ಎಂದೆ ಹೆಂಡತಿ ನಳಿನಿಗೆ.

ಅದು ನವರಾತ್ರಿಯ ಎಂಟನೇ ದಿನ. ಒಂಬತ್ತು ದಿನ ಆರಬಾರದ ದೀಪ. ಆ ವರ್ಷ ಗುಲಬರ್ಗಾದಲ್ಲಿ ಕಣ್ಣಿನ ಆಪರೇಷನ್ ಆಗಿದ್ದ ನಮ್ಮತ್ತೆಯ ಹೆಸರಿನಲ್ಲಿ ಉರಿಯುತ್ತಿತ್ತು.

"ಹುಷಾರ್ ರೀ. ನಾಳೆ ಅವ್ವನ ಕಣ್ಣಿನ ಪಟ್ಟಿ ಬಿಚ್ಚತಾರ."

"ನನಗ ಹೇಳ್ತಿ? 1976ರಾಗ ಮಾಂಟ್ರಿಯಲ್‌ನಾಗ ಮಳಿ ಬಂದು ಒಲಿಂಪಿಕ್ ಜ್ಯೋತಿ ಆರಿತ್ತು. ಅಲ್ಲಿದ್ದಾಂವ ಒಬ್ಬ ಸಿಗರೇಟ್ ಲೈಟರ್‌ಲೆ ಹಚ್ಚಿಬಿಟ್ಟ! ಅಂಥಾ ಅಪಚಾರ ನನ್ನ ಕೈಲೆ ಆಗಂಗಿಲ್ಲ!"

ನಳಿನಿ ಮಕ್ಕಳನ್ನು ಸಾಲು ನಿಲ್ಲಿಸಲು ತಾರಸಿಗೆ ಹೋದಳು. ಲಟ್ಟಣಿಗೆಗೆ ಹಳೆಯ ಬನಿಯನ್ ಸುತ್ತಿ, ಎಣ್ಣೆಯಲ್ಲಿ ಅದ್ದಿದ್ದ ನನ್ನ ಪಂಜನ್ನು ದೀಪಕ್ಕೆ ಹಿಡಿದೆ. ಹತ್ತಲಿಲ್ಲ. ಇನ್ನಷ್ಟು ಒತ್ತಿದೆ. ಬನಿಯನ್ ಸಡಿಲಾಗಿ ದೀಪದ ಮೇಲೇ ಕವುಚಿಕೊಂಡಿತು. ಚುಂಯ್! ದೇವರ ಮುಂದೆ ಬರೀ ಹೊಗೆ.

ಸೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಪ್ರಾಣೇಶ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ದೀಪವನ್ನು ನೋಡಿದ. ಜೇಬಿನಿಂದ ಸಿಗರೇಟ್ ಲೈಟರ್ ತೆಗೆದ. ದೀಪವೂ ಹತ್ತಿತು, ಪಂಜೂ ಹತ್ತಿತು. ಮಾಂಟ್ರಿಯಲ್ಲೇ ನಾರಾಯಣಗೂಡಕ್ಕೆ ಬಂದಿಳಿದಿತ್ತು!

ಪಂಜು ಹಿಡಿದು ನಾಲ್ಕು ಮಹಡಿ ಹತ್ತಿ ಓಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಯಾವುದೂ ರುಚಿಸಲಿಲ್ಲ.

ಸಂಜೆ ನಳಿನಿ ದೀಪದ ಮುಂದೆ ಕೂತು ಕೈಮುಗಿದಳು. "ತಾಯಿ, ನಮ್ಮವ್ವಗ ಕಣ್ಣು ಕಾಣೂವಂಗ ಮಾಡು."

ಆ ಬೇಡಿಕೆ ಹೋಗುತ್ತಿದ್ದುದು ಪ್ರಾಣೇಶನ ಲೈಟರಿಗೆ! ನನಗೆ ತಡೆಯಲಾಗಲಿಲ್ಲ, ನಾಚಿಕೆಯೂ ಆಯಿತು. ಎಲ್ಲ ಹೇಳಿಬಿಟ್ಟೆ.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಹೂವಿನಿಂದ ದೀಪ ಶಾಂತ ಮಾಡಿದಳು, ಅಡಿಗೆಮನೆಗೆ ಹೋಗಿ ಅಕ್ಕಿಡಬ್ಬಿಯ ಹಿಂದಿನಿಂದ ಉರಿಯುತ್ತಿದ್ದ ಪುಟ್ಟ ದೀಪವೊಂದನ್ನು ತಂದಳು.

"ಮೊದಲನೇ ದಿನಾನ ನಂದಾದೀಪದಿಂದ ಹಚ್ಚಿಟ್ಟಿದ್ದು," ಎಂದು ಅದರಿಂದಲೇ ಮತ್ತೆ ಬೆಳಗಿಸಿದಳು.

ಮರುದಿನ ಗುಲಬರ್ಗಾದಿಂದ ಫೋನು. ಅತ್ತೆಗೆ ಗೋಡೆ ಗಡಿಯಾರದ ಮುಳ್ಳು ಕಾಣುತ್ತಿತ್ತಂತೆ! ನಳಿನಿ ಅತ್ತಳು, ನಾನೂ ಕಣ್ಣೊರೆಸಿಕೊಂಡೆ. ಜೀವ ಬಂದದ್ದೇ ತಡ, ನನ್ನ ಇತಿಹಾಸವೂ ಎದ್ದು ಕೂತಿತು.

"ಮಾಂಟ್ರಿಯಲ್‌ನಾಗೂ ಹಿಂಗಾ ಆಗಿತ್ತು ನೋಡು! ಲೈಟರ್ ಬೆಂಕಿ ಆರಿಸಿ, ಕಾದಿಟ್ಟ ಮೂಲ ಜ್ಯೋತಿಲೇ ಮತ್ತ ಹಚ್ಚಿದ್ರು. ನಾನೂ ದಿನಾ ಕ್ಲಾಸಿನ್ಯಾಗ ಬ್ಯಾಕಪ್ ಇಡ್ರಿ, ಬ್ಯಾಕಪ್ ಇಡ್ರಿ ಅಂತೀನಿ. ನಿನಗ ಹೆಂಗ ಹೊಳೀತು?"

ಅವಳು ಲಟ್ಟಣಿಗೆಯ ಮಸಿ ತಿಕ್ಕುತ್ತಲೇ ಹೇಳಿದಳು:

"ಅವರು ಮಳಿಗೆ ಅಂಜಿ ಇಟ್ಟಿದ್ರು. ನಾ ನಿಮಗ ಅಂಜಿ ಇಟ್ಟಿದ್ನಿರಿ!"