ಎಜಿದಿಯೊನ ಆಕಾಶನೀಲಿ ಸೈಕಲ್ಲನ್ನು ಇನ್ನೂ ಪರಿಶೀಲಿಸುತ್ತಿರುವ ಬಗ್ಗೆ

ಇಂದ:
ನೇವಿಯೊ ತಾಬಾನೆಲ್ಲಿ, ವಯಸ್ಸು 67,
ಹೆಂಚಿನ ಕಾರ್ಖಾನೆಯ ನಿವೃತ್ತ ಭಟ್ಟಿ ಮೇಸ್ತ್ರಿ,
ಸದಸ್ಯತ್ವ ಸಂಖ್ಯೆ 14, ಬ್ರಿಸಿಗೆಲ್ಲ.

ಗೆ:
ಮಾನ್ಯ ಅಧ್ಯಕ್ಷರಾದ ಓರಿಯಾನೊ ಅವರು,
ಹಳೇ ರೇಸ್ ಸೈಕಲ್ ಸವಾರರ ಸಂಘ,
ತಮ್ಮದೇ ಬಾರಿನ ಹಿಂಕೋಣೆ, ಕಾಫಿ ಯಂತ್ರದ ಎಡಕ್ಕೆ.

ವಿಷಯ: 1974ರ ಒಂದು ಬಳಸಿದ ಸೈಕಲ್ಲು ಕೊಳ್ಳಲು ಯೋಗ್ಯವೋ ಅಲ್ಲವೋ ಎಂಬ ವರದಿ ಏಳು ತಿಂಗಳು ತಡವಾದದ್ದಕ್ಕೆ ಸಮಜಾಯಿಷಿ, ಹಾಗೂ ಇನ್ನಷ್ಟು ತಡ ಮಾಡಲು ಅನುಮತಿ ಕೋರಿ.

ಉಲ್ಲೇಖ: 1) ಸಂಘದ ನಿಯಮ 9.
2) ತಾವು ಮೊನ್ನೆ ಬಿಯರ್ ಲೋಟದ ಅಡಿಯ ರಟ್ಟಿನ ಮೇಲೆ ಬರೆದುಕೊಟ್ಟ ಅಂತಿಮ ನೋಟಿಸು.
3) ಅದೇ ರಟ್ಟಿನ ಹಿಂಬದಿಯಲ್ಲಿ ತಾವು ಬರೆದ ಬೈಗುಳ.

ಮಾನ್ಯರೇ,

ಮೇಲ್ಕಂಡ ಅರ್ಜಿದಾರನು ಬುದ್ಧಿ ನೆಟ್ಟಗಿರುವಾಗಲೇ, ಯಾರ ಒತ್ತಾಯವೂ ಇಲ್ಲದೆ, ಕೆಳಗಿನದನ್ನೆಲ್ಲ ಒಪ್ಪಿಕೊಳ್ಳುತ್ತಾನೆ. ಇಂಥ ಕಾಗದದಲ್ಲಿ ‘ನಾನು’ ಎಂದು ಬರೆಯಲು ಹೋದರೆ ಪೆನ್ನು ಮುಂದೆ ಓಡದ ಕಾರಣ ಅರ್ಜಿದಾರನನ್ನು ಅರ್ಜಿದಾರನೆಂದೇ ಕರೆಯಲಾಗಿದೆ.

1. ಕಳೆದ ಅಕ್ಟೋಬರಿನಲ್ಲಿ ತಮ್ಮ ಬಾರಿನ ಗೋಡೆಯ ಮೇಲೆ ಒಂದು ಚೀಟಿ ಅಂಟಿತ್ತು: ‘ಮಾರಾಟಕ್ಕಿದೆ. ನನ್ನ ಗಂಡ ದಿವಂಗತ ಎಜಿದಿಯೊ ಅವರ ರೇಸ್ ಸೈಕಲ್ಲು. ಬಣ್ಣ ಆಕಾಶನೀಲಿ. ಬಂದು ನೋಡಬಹುದು. ದಿರ್ಚೆ.’ ಅರ್ಜಿದಾರನು ಅದರ ಕೆಳಗೆ ಮೊದಲು ಹೆಸರು ಬರೆದನು.

2. ನಿಯಮ 9ರ ಪ್ರಕಾರ, ಮೊದಲು ಹೆಸರು ಬರೆದ ಸದಸ್ಯನು ಲಿಖಿತ ವರದಿ ಕೊಡುವವರೆಗೆ ಬೇರೆ ಯಾರೂ ಆ ಸೈಕಲ್ಲನ್ನು ಮುಟ್ಟುವಂತಿಲ್ಲ. ಗ್ವಾಲ್ತಿಯೆರೊ ಅವರು ಹೊಳಪು ನೋಡಿ ಮರುಳಾಗಿ ಕೊಂಡ ಸೈಕಲ್ಲಿನ ಮುಂದಿನ ಫೋರ್ಕು ಇಳಿಜಾರಿನಲ್ಲಿ ಮುರಿದು, ಅವರು ದ್ರಾಕ್ಷಿತೋಟದ ಬೇಲಿಯ ಮೇಲಿಂದ ಹಾರಿ ಪಾದ್ರಿಗಳ ಎದುರಿಗೇ ಬಿದ್ದ ವರ್ಷ ಈ ನಿಯಮ ಬಂದದ್ದು. ನಿಯಮವನ್ನು ಒತ್ತಾಯಿಸಿ ಬರೆಸಿದವನು ಅರ್ಜಿದಾರನೇ. ತಾನು ತೋಡಿದ ಗುಂಡಿ ಎಂದರೆ ಇದೇ.

3. ಸೈಕಲ್ಲಿನ ಸ್ಥಿತಿ. ಫ್ರೇಮು ಉಕ್ಕಿನದು, ನೆಗ್ಗಿಲ್ಲ, ಬಿರುಕಿಲ್ಲ. ಬೆರಳಿನಿಂದ ಬಡಿದರೆ ಗಂಟೆಯ ದನಿ. ಬಣ್ಣ ಮೂಲದ್ದು. ರಿಮ್ಮುಗಳು ನೇರ. ಚೈನು ಸವೆದಿದೆ, ಅದು ದೊಡ್ಡ ಮಾತಲ್ಲ. ಗೇರಿನ ಹಿಡಿಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡುತ್ತವೆ. ಕೇಳಿದ ಬೆಲೆ ನ್ಯಾಯವಾದದ್ದು.

4. ಆದರೆ ಎಜಿದಿಯೊ ಅವರು ಗಿಡ್ಡ. ಅರ್ಜಿದಾರನು ಒಂದು ಮೀಟರ್ ಎಂಬತ್ತೆಂಟು. ಹತ್ತಿ ಕೂತಾಗ ಮಂಡಿ ಹ್ಯಾಂಡಲ್ಲಿಗೆ ತಗುಲಿತು. ಅಂಗಳದಲ್ಲಿದ್ದ ಕೋಳಿಗಳು ಕೂಡ ತಲೆ ಓರೆ ಮಾಡಿ ನೋಡಿದವು. ಆದ್ದರಿಂದ ಸದರಿ ಸೈಕಲ್ಲು ಅರ್ಜಿದಾರನಿಗೆ ಯೋಗ್ಯವಲ್ಲ. ಈ ತೀರ್ಮಾನಕ್ಕೆ ಬರಲು ನಾಲ್ಕು ನಿಮಿಷ ಹಿಡಿಯಿತು.

5. ಉಳಿದ ಏಳು ತಿಂಗಳ ಲೆಕ್ಕ ಹೀಗಿದೆ.

6. ಐದನೆಯ ನಿಮಿಷದಲ್ಲಿ ದಿರ್ಚೆಯವರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದು ಕೇಳಿದರು: “ನಿಮಗಿದು ಚಿಕ್ಕದಾಗಲ್ವಾ?”

ಅರ್ಜಿದಾರನು ‘ಹೌದು’ ಎನ್ನಲು ಬಾಯಿ ತೆರೆದನು. ಒಳಗಿನಿಂದ ಸಾರು ಕುದಿಯುವ ವಾಸನೆ ಬಂತು. “ಸೀಟು ಎತ್ತಿದ್ರೆ ಸರಿಹೋಗುತ್ತೆ,” ಎಂದುಬಿಟ್ಟನು.

“ಅದು ಏಳೋದಿಲ್ಲ. ಹದಿನೈದು ವರ್ಷದಿಂದ ಕಚ್ಕೊಂಡಿದೆ.”

“ಎಣ್ಣೆ ಬಿಟ್ಟು ಒಂದು ವಾರ ಕಾಯ್ಬೇಕು.”

“ಹಾಗಾದ್ರೆ ಶನಿವಾರ ಬನ್ನಿ. ಈಗ ಒಂದು ತಟ್ಟೆ ಕಪ್ಪೆಲೆತ್ತಿ ತಿನ್ಕೊಂಡು ಹೋಗಿ, ಸಾರಲ್ಲಿ ಬೆಂದ ಪುಟ್ಟ ಕಡುಬು, ಒಬ್ಬಳಿಗೆ ಅಂತ ಕಡಿಮೆ ಮಾಡೋಕೆ ಇನ್ನೂ ಕೈ ಬಂದಿಲ್ಲ.”

7. ಮೂರನೆಯ ಶನಿವಾರ ಸೀಟಿನ ಪೈಪು ಕದಲಿತು. ದಿರ್ಚೆಯವರು ಒಳಗಿದ್ದರು. ಅರ್ಜಿದಾರನು ಅತ್ತಿತ್ತ ನೋಡಿ, ಅದನ್ನು ಮತ್ತೆ ಒಳಗೆ ತಳ್ಳಿ, ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದು, “ಇನ್ನೂ ಜಗ್ತಾ ಇಲ್ಲ,” ಎಂದನು. ಐವತ್ತು ವರ್ಷದ ಸೈಕಲ್ ಜೀವನದಲ್ಲಿ ಅರ್ಜಿದಾರನು ಸರಿಯಿದ್ದದ್ದನ್ನು ಕೆಡಿಸಿದ್ದು ಅದೇ ಮೊದಲು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

8. ಆಮೇಲೆ ಸುಳ್ಳಿಗೆ ಸುಳ್ಳು ಪೋಣಿಸಲಾಯಿತು. ಫ್ರೇಮು ಉಕ್ಕಿನದೇ ಎಂದು ನೋಡಲು ಅಯಸ್ಕಾಂತ ಇಡುವುದು ವಾಡಿಕೆ, ಒಂದು ಕ್ಷಣದ ಕೆಲಸ. ಅರ್ಜಿದಾರನು ತನ್ನ ಫ್ರಿಜ್ಜಿನ ಬಾಗಿಲಿನ ನಿಂಬೆಹಣ್ಣಿನ ಆಕಾರದ ಅಯಸ್ಕಾಂತವನ್ನು ಫ್ರೇಮಿಗೆ ಅಂಟಿಸಿ, ಅದು ಒಂದು ವಾರ ಹಾಗೇ ಇದ್ದರೆ ಮಾತ್ರ ನಂಬಬಹುದು ಎಂದನು. ದಿರ್ಚೆಯವರು ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ಶನಿವಾರ ಬಂದಾಗ, “ಒಂಚೂರೂ ಜಾರಿಲ್ಲ ನೋಡಿ. ದಿನಾ ಎರಡು ಸಲ ನೋಡ್ತಿದ್ದೆ,” ಎಂದರು. ಆಕೆಯ ಮುಖದಲ್ಲಿ ನಗುವಿರಲಿಲ್ಲ. ಅರ್ಜಿದಾರನು ಅದನ್ನು ತನ್ನ ಜಾಣತನವೆಂದು ತಿಳಿದನು.

9. ಈ ಅವಧಿಯಲ್ಲಿ ಅರ್ಜಿದಾರನ ತೂಕ ನಾಲ್ಕು ಕಿಲೋ ಏರಿದ್ದು, ಸಂಘದ ಉಣ್ಣೆಯ ಅಂಗಿ ಹೊಟ್ಟೆಯ ಮೇಲೆ ನಿಲ್ಲುತ್ತಿಲ್ಲ. ಹೊಸ ಅಂಗಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು.

10. ಮೊನ್ನೆ ಗುರುವಾರ ತಾವು ಬಾರಿನಲ್ಲಿ ಎಲ್ಲರೆದುರು ಅಂದದ್ದು ದಾಖಲೆಗಾಗಿ: “ಏನಯ್ಯಾ ನೇವಿಯೊ, ಪೋಪ್ ಆಯ್ಕೆನೇ ಇದಕ್ಕಿಂತ ಬೇಗ ಮುಗಿಯುತ್ತೆ. ಅದೇನು ಸೈಕಲ್ಲೋ, ಹಡಗೋ? ಭಾನುವಾರದೊಳಗೆ ವರದಿ ಕೊಡು, ಇಲ್ಲಾಂದ್ರೆ ಫೊರ್ಲಿಯ ಲೋರಿಸ್‌ಗೆ ಬಿಟ್ಟುಕೊಡ್ತೀನಿ.”

ಲೋರಿಸ್ ಅವರು ಸೈಕಲ್ ಸವಾರರಲ್ಲ, ಕಟುಕರು. ಚಕ್ರ ಒಬ್ಬನಿಗೆ, ಹ್ಯಾಂಡಲ್ಲು ಇನ್ನೊಬ್ಬನಿಗೆ ಮಾರಿ, ಫ್ರೇಮನ್ನು ಯಾವುದೋ ಹೋಟೆಲಿನ ಗೋಡೆಗೆ ನೇತುಹಾಕಿಸುತ್ತಾರೆ. ಹಾಗಾದರೆ ಆ ಅಂಗಳದಲ್ಲಿ ಸೈಕಲ್ಲಿರುವುದಿಲ್ಲ. ಸೈಕಲ್ಲಿಲ್ಲದ ಅಂಗಳಕ್ಕೆ ಅರ್ಜಿದಾರನು ಯಾವ ಮುಖ ಹೊತ್ತು ಹೋಗಬೇಕು? ‘ಯೋಗ್ಯ’ ಎಂದು ಬರೆದರೆ ಸೈಕಲ್ಲು ಮನೆಗೆ ಬರುತ್ತದೆ, ಶನಿವಾರ ಹೋಗುತ್ತದೆ. ‘ಅಯೋಗ್ಯ’ ಎಂದರೆ ಲೋರಿಸ್ ಬರುತ್ತಾರೆ, ಆಗಲೂ ಶನಿವಾರ ಹೋಗುತ್ತದೆ.

11. ಅರ್ಜಿದಾರನಿಗೆ ದಿರ್ಚೆಯವರೆಂದರೆ ಇಷ್ಟ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಳಲು ಮೂರು ಹಾಳೆ ಹರಿದು, ಕೊನೆಗೆ ಹೀಗೆ ಬರೆಯಲಾಗಿದೆ. ನೇರವಾಗಿ ಆಕೆಗೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ದಯವಿಟ್ಟು ಕೇಳಬಾರದು.

12. ನಿನ್ನೆ, ಶನಿವಾರ, ಎಲ್ಲವನ್ನೂ ಒಪ್ಪಿಕೊಂಡು ಬಿಡುವುದೆಂದು ಅರ್ಜಿದಾರನು ಬೆಟ್ಟದ ದಾರಿ ಹತ್ತಿ ಹೋದನು. ಸೈಕಲ್ಲಿನ ಬಳಿ ಬಗ್ಗಿ ನೋಡಿದರೆ ಸೀಟಿನ ಪೈಪನ್ನು ಹಿಡಿದಿಡುವ ಬೋಲ್ಟೇ ಇಲ್ಲ. ಅರ್ಜಿದಾರನ ಏಳು ತಿಂಗಳ ಕಿತಾಪತಿಗಳ ಪಟ್ಟಿಯಲ್ಲಿ ಇದು ಇಲ್ಲ. ಇದು ಅವನು ಮಾಡಿದ್ದಲ್ಲ.

“ಬೋಲ್ಟ್ ಎಲ್ಲಿ ಹೋಯ್ತು?”

“ಹೌದಾ? ಬಿದ್ದಿರ್ಬೇಕು,” ಎಂದರು ದಿರ್ಚೆಯವರು ಒಲೆಯ ಕಡೆಗೇ ಮುಖ ಮಾಡಿ. “ಹಳೇ ಸೈಕಲ್ಲು.”

ಅರ್ಜಿದಾರನೇ ಹಲ್ಲು ಕಚ್ಚಿ ಬಿಗಿದಿದ್ದ ಬೋಲ್ಟು. ಸ್ಪ್ಯಾನರ್ ಹಾಕಿ, ಮೈಯ ಭಾರವನ್ನೆಲ್ಲ ಬಿಟ್ಟು ತಿರುಗಿಸದೆ ಅದು ಬೀಳುವುದಿಲ್ಲ.

13. ಊಟವಾದ ಮೇಲೆ ಕಾಫಿ ಬಂತು. “ಚಮಚ ನೀವೇ ತಗೊಳ್ಳಿ, ಡ್ರಾಯರಿನಲ್ಲಿದೆ,” ಎಂದರು. ಏಳು ತಿಂಗಳಲ್ಲಿ ಒಂದು ದಿನವೂ ಆಕೆ ಚಮಚ ನೀವೇ ತೆಗೆದುಕೊಳ್ಳಿ ಎಂದಿರಲಿಲ್ಲ. ಅರ್ಜಿದಾರನು ಡ್ರಾಯರ್ ಎಳೆದನು. ಚಮಚಗಳ ನಡುವೆ ಬೋಲ್ಟು ಇತ್ತು. ಎಣ್ಣೆ ಒರೆಸಿ, ಬಿಳಿ ಕರವಸ್ತ್ರದ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ನಿಂಬೆಹಣ್ಣಿನ ಅಯಸ್ಕಾಂತ.

ಅರ್ಜಿದಾರನು ಡ್ರಾಯರನ್ನು ಮೆಲ್ಲಗೆ ಮುಚ್ಚಿದನು.

“ಸಿಕ್ತಾ?” ಎಂದರು ಆಕೆ, ತಿರುಗದೆ.

“ಇಲ್ಲ. ಏನೂ ಸಿಗ್ಲಿಲ್ಲ.”

“ಹಾಗಾದ್ರೆ ಮುಂದಿನ ಶನಿವಾರ ನೋಡಿದ್ರಾಯ್ತು.”

ಅರ್ಜಿದಾರನು ಕಾಫಿಯನ್ನು ಸಕ್ಕರೆ ಕಲಕದೆಯೇ ಕುಡಿದನು. ಚೆನ್ನಾಗಿತ್ತು.

ಆದ ಕಾರಣ, ಬೋಲ್ಟಿಲ್ಲದ ಸೈಕಲ್ಲಿನ ವರದಿ ಅಪೂರ್ಣವಾಗುವ ಕಾರಣ, ಅಪೂರ್ಣ ವರದಿಯನ್ನು ಸ್ವೀಕರಿಸಲು ನಿಯಮ 9ರಲ್ಲಿ ಅವಕಾಶವಿಲ್ಲದ ಕಾರಣ, ಹಾಗೂ ಆ ನಿಯಮವನ್ನು ಬರೆಸಿದವನು ಈಗ ಅದರ ಕಾಲು ಹಿಡಿದಿರುವ ಕಾರಣ, ತಾವು ದಯಮಾಡಿ

ಅ) ಬೋಲ್ಟು ಸಿಗುವವರೆಗೆ ಪ್ರತಿ ಶನಿವಾರ ಪರಿಶೀಲನೆ ಮುಂದುವರಿಸಲು ಅಪ್ಪಣೆ ಕೊಡಬೇಕು;

ಆ) ಬಿಡಿ ಭಾಗಗಳ ಪೆಟ್ಟಿಗೆ ಹಿಡಿದುಕೊಂಡು ‘ನನ್ನ ಹತ್ರ ಇದೇ ಅಳತೇದು ಇದೆ’ ಎನ್ನುತ್ತ ಬರುವ ಪ್ರತಿಯೊಬ್ಬ ಸದಸ್ಯನನ್ನೂ, ಮುಖ್ಯವಾಗಿ ತಮ್ಮನ್ನು, ತಾವೇ ತಡೆಯಬೇಕು;

ಇ) ಸದರಿ ಬೋಲ್ಟನ್ನು ಯಾರೂ, ಯಾವ ಕಾರಣಕ್ಕೂ, ಹುಡುಕಕೂಡದೆಂದು ಸುತ್ತೋಲೆ ಹೊರಡಿಸಬೇಕು.

ತಮ್ಮ ವಿಶ್ವಾಸಿ
(ಶನಿವಾರ ಹೊರತು),
ನೇವಿಯೊ ತಾಬಾನೆಲ್ಲಿ

ಲಗತ್ತುಗಳು:
1. ಸೈಕಲ್ಲಿನ ಫೋಟೋ. ಮೂಲೆಯಲ್ಲಿ ಕಾಣುವ ಏಪ್ರನ್ ಆಕಸ್ಮಿಕ.
2. ತಮ್ಮ ರಟ್ಟು, ಬೈಗುಳ ಸಮೇತ ವಾಪಸು.
3. ಬೋಲ್ಟು: ಲಗತ್ತಿಸಿಲ್ಲ. ಇರಬೇಕಾದಲ್ಲೇ ಇದೆ.