ಚಂದ್ರನ ಸ್ವಂತ ಬೆಳಕು

ಆ ಭಾನುವಾರದ ಫಜೀತಿಗೆಲ್ಲ ಕಾರಣ ಡೈನಾಳ ಪೆನ್ಸಿಲಿನ ತುದಿಯಲ್ಲಿದ್ದ ಚೋಟುದ್ದದ ರಬ್ಬರು.

ಬಹರೈನಿನ ಏಸಿ ರಿಪೇರಿ ಕೆಲಸ ಬಿಟ್ಟು ಕಲ್ಯಾಣಪುರದ ಮನೆ ಸೇರಿದ್ದ ಡೊಮಿನಿಕ್, ಒಬ್ಬಳೇ ಮಗಳು ಡೈನಾಳನ್ನು ಶಾಲೆ ಬಿಡಿಸಿ ಇನ್ನು ತಾನೇ ಮನೆಯಲ್ಲಿ ಪಾಠ ಹೇಳುವುದೆಂದು ತೀರ್ಮಾನಿಸಿದ್ದ. ಬೇರೆ ಪುಸ್ತಕಗಳು ಸುಲಭವಾಗಿ ಸಿಕ್ಕವು. ವಿಜ್ಞಾನ ಮಾತ್ರ ದೇವರನ್ನು ಹೊರಗೆ ನಿಲ್ಲಿಸದ ವಿಜ್ಞಾನವಾಗಬೇಕೆಂದು ಅವನ ಹಟ. ತಿಂಗಳಿಡೀ ಹುಡುಕಿದ. ಒಂದು ಕಂಪನಿಯ ಪುಸ್ತಕ ತೆರೆದರೆ, ಅಂಗಳದಲ್ಲಿ ಹಿಮ ಬಿದ್ದಾಗ ಹೋಗಿ ನೋಡಿ ಎಂದಿತ್ತು. ಡೊಮಿನಿಕನ ಅಂಗಳದಲ್ಲಿ ಬೀಳುವುದು ತೆಂಗಿನ ಮಡಲು. ಇನ್ನೊಂದರಲ್ಲಿ ಎಷ್ಟು ಪುಟ ತಿರುಗಿಸಿದರೂ ಪ್ರಾರ್ಥನೆಯೇ ಮುಗಿಯಲಿಲ್ಲ. ಮೂರನೆಯದು ಹಿಡಿಸಿತು. ಅದರಲ್ಲಿ ಚಿತ್ರ ಉಂಟು, ಪ್ರಯೋಗ ಉಂಟು, ಪಾಠಕ್ಕೊಂದು ಸಣ್ಣ ಪ್ರಾರ್ಥನೆಯೂ ಉಂಟು. ಆದರೆ ಮಗು ಯಾವ ತರಗತಿಯ ಪುಸ್ತಕಕ್ಕೆ ತಕ್ಕದ್ದೆಂದು ತಿಳಿಯಲು ಕಂಪನಿಯವರು ಮೊದಲು ಒಂದು ಪರೀಕ್ಷೆ ಇಡುತ್ತಿದ್ದರು.

ಮಣಿಪಾಲದಲ್ಲಿ ನರ್ಸ್ ಆಗಿರುವ ಹೆಂಡತಿ ಝೀಟಾ ಇದನ್ನೇ ಹಿಡಿದುಕೊಂಡಳು. "ಡೈನಾ ಈಗ ನಾಲ್ಕನೆಯಲ್ಲಿದ್ದಾಳೆ. ಪರೀಕ್ಷೆಯಲ್ಲಿ ಅದಕ್ಕಿಂತ ಕೆಳಗೆ ಬಂದರೆ ನಾಳೆಯೇ ವಾಪಸು ಶಾಲೆಗೆ. ಆಯ್ತಲ್ವಾ?"

"ಕೆಳಗೆಯಾ? ನನ್ನ ಮಗಳಾ?" ಎಂದು ಡೊಮಿನಿಕ್ ನಕ್ಕ. ಆ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಈ ಸಂಗತಿಯನ್ನು ಕಂಡಕಂಡವರಿಗೆಲ್ಲ ಹೇಳಿಯೂ ಬಂದ.

ಮನೆಯಲ್ಲಿ ಡೈನಾ ಪರೀಕ್ಷೆಯ ಉತ್ತರ ಬರೆದಿಟ್ಟು ಬೆಕ್ಕಿನ ಮರಿಯ ಹಿಂದೆ ಓಡಿದಳು. ಅಷ್ಟರಲ್ಲಿ ಬಲಗಡೆ ಮನೆಯ ಕಾನ್ಸೆಪ್ಟಾ ಬಾಯಿ ಬಂದರು. ಊರಿನ ಅರ್ಧ ಜನಕ್ಕೆ ಧರ್ಮೋಪದೇಶ ಕಲಿಸಿದವರು. ಎಡಗಡೆ ಮನೆಯ ರೋನಿಯೂ ಬಂದ. ಮಲ್ಪೆಯಲ್ಲಿ ಅವನಿಗೆ ಪಾಲಿನ ದೋಣಿ ಇತ್ತು, ಸಮುದ್ರದ ವಿಷಯದಲ್ಲಿ ಎದುರಾಡಿದರೆ ಆಗುತ್ತಿರಲಿಲ್ಲ.

"ತಿಮಿಂಗಿಲ ಮೀನಲ್ಲ ಅಂತ ಬರೆದಿದ್ದಾಳಲ್ಲ ಮಾರಾಯ!" ಎಂದ ರೋನಿ. "ನೀರಲ್ಲಿ ಇರುವುದು ಮೀನಲ್ಲದೆ ಎಂತ, ಆಡು ಕುರಿಯಾ?"

"ಪವಿತ್ರ ಗ್ರಂಥದಲ್ಲಿ ಪ್ರವಾದಿಯನ್ನು ನುಂಗಿದ್ದು ದೊಡ್ಡ ಮೀನು ಅಂತಲೇ ಉಂಟು," ಎಂದು ಕಾನ್ಸೆಪ್ಟಾ ಬಾಯಿ ಮುದ್ರೆ ಒತ್ತಿದರು. "ಬಾವಲಿ ಹಕ್ಕಿಯಲ್ಲವಂತೆ. ತಿನ್ನಬಾರದ ಹಕ್ಕಿಗಳ ಸಾಲಿನಲ್ಲಿ ದೇವರೇ ಅದನ್ನು ಸೇರಿಸಿದ್ದಾರೆ. ನೋಡು, ಚಂದ್ರನಿಗೆ ಸ್ವಂತ ಬೆಳಕಿಲ್ಲವಂತೆ! ರಾತ್ರಿಗೆ ದೇವರು ಕೊಟ್ಟ ದೀಪ ಅದು. ಇದು ಕ್ರೈಸ್ತ ಪುಸ್ತಕ ಅಲ್ವಾ ಡೊಮಿನಿಕ್? ಇಂಥ ಉತ್ತರ ಕಂಡರೆ ಅವರು ಎಂತ ಹೇಳಿಯಾರು?"

ಡೊಮಿನಿಕ್ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬಾಗಿಲ ಕಡೆ ನೋಡಿದ, ಮಗಳು ಕಾಣಲಿಲ್ಲ. ಪೆನ್ಸಿಲು ತಲೆಕೆಳಗಾಯಿತು. ತಿಮಿಂಗಿಲ ಮೀನಾಯಿತು, ಬಾವಲಿ ಹಕ್ಕಿಯಾಯಿತು, ಚಂದ್ರ ಸ್ವಂತ ಬೆಳಕಿನಿಂದ ಹೊಳೆಯತೊಡಗಿದ. ಒಮ್ಮೆ ಕೈ ಹತ್ತಿದ ಮೇಲೆ ಉಳಿದ ಉತ್ತರಗಳನ್ನೂ ಮೂವರು ಸೇರಿ ಸುಮ್ಮನೆ ಬಿಡಲಿಲ್ಲ.

ಸಂಜೆ ಝೀಟಾ ಡ್ಯೂಟಿ ಮುಗಿಸಿ ಬಂದ ಮೇಲೆ, ಎಲ್ಲರೆದುರೇ ಆಗಲಿ ಎಂದು ಡೊಮಿನಿಕ್ ನೆರೆಯ ಇಬ್ಬರನ್ನೂ ಕರೆದು ಹಾಳೆಯ ಫೋಟೊವನ್ನು ಕಂಪನಿಗೆ ಕಳಿಸಿದ. ಚಹಾ ಆರುವ ಮೊದಲೇ ಉತ್ತರ ಬಂತು. ಝೀಟಾ ಓದಿದಳು.

"ನಿಮ್ಮ ಮಗುವಿನ ಭಕ್ತಿ ಕಂಡು ಸಂತೋಷವಾಯಿತು. ದೇವರ ಸೃಷ್ಟಿಯನ್ನು ಕಣ್ಣು ತೆರೆದು ನೋಡಲು ಮಾತ್ರ ಇನ್ನೂ ಕಲಿಯಬೇಕಾಗಿದೆ. ಒಂದನೇ ತರಗತಿಯಿಂದ ಆರಂಭಿಸಿ. ಮೊದಲ ಪುಸ್ತಕ ಉಚಿತ."

ಕಾನ್ಸೆಪ್ಟಾ ಬಾಯಿ ಸೆರಗು ಸರಿಮಾಡಿಕೊಂಡರು. ರೋನಿಗೆ ದೋಣಿಯ ನೆನಪಾಯಿತು. ಡೈನಾ ಬೆಕ್ಕಿನ ಮರಿಯನ್ನು ಕೆಳಗಿಟ್ಟು ಅಳತೊಡಗಿದಳು. "ನಾನು ಅಷ್ಟು ದಡ್ಡಿಯಾ ಪಪ್ಪಾ?"

ಡೊಮಿನಿಕ್ ಬಾಯಿ ಮುಚ್ಚಿಕೊಂಡಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು, ಮಗಳದು ಹೋಗುತ್ತಿತ್ತು. ಅದು ಅವನಿಂದಾಗಲಿಲ್ಲ.

"ಅಲ್ಲ ಮಗಾ. ನೀನು ಬರೆದದ್ದೆಲ್ಲ ಅಳಿಸಿ ನಾನು ತಿದ್ದಿದ್ದು. ಒಂದನೇ ತರಗತಿ ಬಂದದ್ದು ನನಗೆ."

ಡೈನಾ ಕಣ್ಣೊರೆಸಿಕೊಂಡು ಅಲ್ಲೇ ಕೂತು ಹೊಸ ಹಾಳೆಯಲ್ಲಿ ಬರೆದಳು. ಈ ಸಲ ಫೋಟೊ ಕಳಿಸಿದವಳು ಝೀಟಾ. ಉತ್ತರ ಬಂತು: ಐದನೇ ತರಗತಿ.

ಡೊಮಿನಿಕ್ ತನ್ನ ಮಾನ ಹೋದದ್ದನ್ನು ಮರೆತೇಬಿಟ್ಟ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟಿನವರೆಗೆ ಹೋಗಿ, ದಾರಿಹೋಕರನ್ನೂ ನಿಲ್ಲಿಸಿ, "ನನ್ನ ಮಗಳು ಐದನೆಯ ಮಟ್ಟ, ನಾಲ್ಕಲ್ಲ" ಎಂದು ಹೇಳಿ ಬಂದ. "ನೋಡಿದೆಯಾ ಝೀಟಾ? ಶರತ್ತು ಗೆದ್ದೆ."

"ಗೆದ್ದಿರಿ," ಎಂದಳು ಝೀಟಾ. "ಆದರೆ ಐದನೆಯವಳಿಗೆ ಒಂದನೆಯವರು ಪಾಠ ಹೇಳುವುದು ಹೇಗೆ? ಅವಳು ನಾಳೆ ಶಾಲೆಗೇ ಹೋಗಲಿ."

ಡೊಮಿನಿಕ್ ಕಾನ್ಸೆಪ್ಟಾ ಬಾಯಿಯ ಮುಖ ನೋಡಿದ. ಅವರು ಚಂದ್ರ ಮೂಡಿದ್ದಾನೋ ಎಂದು ಕಿಟಕಿಯಾಚೆ ನೋಡುತ್ತಿದ್ದರು.

ಸೋಮವಾರ ಸಂಜೆ ಶಾಲೆಯಿಂದ ಬಂದ ಡೈನಾ, ಉಚಿತವಾಗಿ ಸಿಕ್ಕ ಒಂದನೇ ತರಗತಿಯ ಪುಸ್ತಕವನ್ನು ಮೊಬೈಲಿನಲ್ಲಿ ತೆರೆದು ಅಪ್ಪನನ್ನು ಜಗಲಿಯಲ್ಲಿ ಕೂರಿಸಿದಳು. ಬೇಲಿಯಾಚೆಯಿಂದ ರೋನಿ ಇಣುಕಿದಾಗ ಡೊಮಿನಿಕ್ ನಾಚಲಿಲ್ಲ, ಎದೆಯುಬ್ಬಿಸಿ ಹೇಳಿದ: "ನಮ್ಮ ಟೀಚರ್ ಸಾಮಾನ್ಯದವರಲ್ಲ ಮಾರಾಯ, ಐದನೆಯವರು. ನೀನೂ ಬಂದು ಸೇರು."

ಡೈನಾ ಅಪ್ಪನ ಪೆನ್ಸಿಲು ಪರೀಕ್ಷಿಸಿ, ತುದಿಯ ರಬ್ಬರನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. "ಇನ್ನು ಬರೆಯಿರಿ ಪಪ್ಪಾ."